ಇದು ಓದುಗರಿಗೆ ತಿಳಿದೇ ಇರುತ್ತದೆ

ಗುರುವಿಲ್ಲದೆ, ಬರೀ ಪುಸ್ತಕ ಓದಿ ವಿದ್ಯೆ ಕಲಿತವನು ನಾನು. ಇದನ್ನು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದ ಕಾಲವೂ ಒಂದಿತ್ತು. ಈಗ ಯಾರಾದರೂ ಕೇಳಿದರೆ ಮಾತ್ರ ಹೇಳುತ್ತೇನೆ, ಅದೂ ನನ್ನ ಹೆಂಡತಿ ಸುಮಂಗಲಾ ಪಕ್ಕದಲ್ಲಿ ಇಲ್ಲದಾಗ. ಈಜು ಕಲಿಸುವ ಪುಸ್ತಕ ಓದಿಕೊಂಡು ಕಾಳಿ ನದಿಗೆ ಇಳಿದವನ ಗತಿ ಏನಾಗುತ್ತದೆಂದು ಮೌಳಂಗಿಯ ದಂಡೆಯಲ್ಲಿ ಬಟ್ಟೆ ಒಗೆಯುವವರನ್ನು ಕೇಳಿ ನೋಡಿ. ಅವರಿಗೆ ಚೆನ್ನಾಗಿ ಗೊತ್ತು, ಯಾಕೆಂದರೆ ನನ್ನನ್ನು ಎಳೆದು ದಡಕ್ಕೆ ಹಾಕಿದವರು ಅವರೇ. ಆ ಪುಸ್ತಕದಲ್ಲಿ ಉಸಿರು ಹೇಗೆ ಎಳೆದುಕೊಳ್ಳಬೇಕು, ಹೇಗೆ ಬಿಡಬೇಕು ಎಂದು ಎರಡು ಪುಟ ಬರೆದಿದ್ದರು. ಎಳೆದುಕೊಳ್ಳುವಾಗ ಮೂಗು ನೀರಿನ ಮೇಲಿರಬೇಕು ಎಂದು ಮಾತ್ರ ಬರೆದಿರಲಿಲ್ಲ.

ಇಂಥ ಪುಸ್ತಕ ಬರೆಯುವವರ ಮೇಲೆ ನನಗೆ ಹಳೆಯ ಸಿಟ್ಟಿದೆ. ಅವರೆಲ್ಲ ಒಂದೇ ಮಠದಲ್ಲಿ ದೀಕ್ಷೆ ಪಡೆದವರೋ ಏನೋ, ಎಲ್ಲರ ಪುಸ್ತಕದಲ್ಲೂ ಒಂದು ವಾಕ್ಯ ತಪ್ಪದೆ ಬರುತ್ತದೆ: ‘ಇದು ಓದುಗರಿಗೆ ತಿಳಿದೇ ಇರುತ್ತದೆ.’ ಎಲ್ಲಿ ನಮಗೆ ಏನೇನೂ ತಿಳಿದಿರುವುದಿಲ್ಲವೋ ಸರಿಯಾಗಿ ಅಲ್ಲಿಯೇ ಬರುತ್ತದೆ. ಮೊಳೆ ಎಂದರೇನು ಎಂದು ಅರ್ಧ ಪುಟ ವಿವರಿಸುವ ಪುಣ್ಯಾತ್ಮ, ಮೊಳೆಯನ್ನು ಎಲ್ಲಿ ಹೊಡೆಯಬೇಕು ಎಂಬಲ್ಲಿಗೆ ಬಂದಾಗ ಓದುಗರ ಜಾಣತನದ ಮೇಲೆ ಭಾರ ಹಾಕಿ ಕೈತೊಳೆದುಕೊಳ್ಳುತ್ತಾನೆ. ಜೇನು ಸಾಕುವ ಪುಸ್ತಕವೊಂದು ನನ್ನ ಬಳಿ ಇದೆ. ‘ರಾಣಿಯನ್ನು ಗುರುತಿಸಿ, ಮೃದುವಾಗಿ ಪಕ್ಕಕ್ಕೆ ಸರಿಸಿ’ ಎಂದು ಅದರಲ್ಲಿದೆ. ಸರಿಸಿದೆ. ಆಮೇಲೆ ಮೂರು ದಿನ ಆಫೀಸಿಗೆ ಹೋಗಲಿಲ್ಲ. ಹೋಗಿದ್ದರೂ ಗೇಟಿನ ಕಾವಲುಗಾರ ಗುರುತು ಹಿಡಿದು ಒಳಗೆ ಬಿಡುವಂಥ ಮುಖ ನನಗೆ ಉಳಿದಿರಲಿಲ್ಲ. ಬಾವು ಇಳಿದು ಕಣ್ಣು ತೆರೆದ ದಿನ ಮೊದಲು ನೋಡಿದ್ದು ಆ ಪುಸ್ತಕದ ಹಿಂಬದಿಯಲ್ಲಿದ್ದ ಲೇಖಕರ ಫೋಟೊ. ಮಹಾರಾಯರು ತಲೆಯಿಂದ ಹೊಟ್ಟೆಯವರೆಗೆ ಬಲೆ ಹೊದ್ದುಕೊಂಡು ನಗುತ್ತ ನಿಂತಿದ್ದಾರೆ! ಬಲೆಯ ಬಗ್ಗೆ ಒಳಗೆ ಒಂದಕ್ಷರವಿಲ್ಲ.

ರೇಡಿಯೊ ಕಟ್ಟುವ ಪುಸ್ತಕದ ಕತೆಯೂ ಅಷ್ಟೆ. ಬೇಕಾದ ಸಾಮಾನುಗಳ ಉದ್ದ ಪಟ್ಟಿ ಕೊಟ್ಟು ‘ಇವೆಲ್ಲ ನಿಮ್ಮ ಹತ್ತಿರದ ಅಂಗಡಿಯಲ್ಲಿ ದೊರೆಯುತ್ತವೆ’ ಎಂದಿದ್ದರು. ನನ್ನ ಹತ್ತಿರದ ಅಂಗಡಿಯಲ್ಲಿ ದೊರೆಯುತ್ತಿದ್ದುದು ಸೈಕಲ್ ಟ್ಯೂಬು, ಟಾರ್ಚಿನ ಸೆಲ್ಲು ಮತ್ತು ಹಗ್ಗ. ಕಂಡೆನ್ಸರ್ ಕೇಳಿದ್ದಕ್ಕೆ ಅಂಗಡಿಯವರು ಬಹಳ ಹೊತ್ತು ಯೋಚಿಸಿ, “ಎಮ್ಮಿಗೆ ಕಟ್ಟೂದೇನ್ರಿ ಅದು?” ಎಂದು ಕೇಳಿದರು. ಹುಬ್ಬಳ್ಳಿಗೆ ನಾಲ್ಕು ಸಲ ಅಲೆದು ಎಲ್ಲವನ್ನೂ ತಂದು ಬೆಸೆದೆ. ಕೊನೆಯ ಪುಟದಲ್ಲಿ ‘ಈಗ ನಿಮ್ಮ ರೇಡಿಯೊ ಹಾಡತೊಡಗುತ್ತದೆ’ ಎಂದಿತ್ತು. ಅದು ಕೆಮ್ಮಿತು, ಹಾಡಲಿಲ್ಲ. ಸುಮಂಗಲಾ ಒಂದು ವಾರ ನೋಡಿ, “ಆ ಕಡೀ ಪುಟಾ ಅದಕ್ಕೂ ಒಮ್ಮೆ ಓದಿ ಹೇಳ್ರಿ. ಹಾಡಬೇಕಂತ ಅದಕ್ಕ ಗೊತ್ತಿಲ್ಲೋ ಏನೋ” ಎಂದಳು.

ಇಷ್ಟಾದ ಮೇಲಾದರೂ ಬುದ್ಧಿ ಬರಬೇಕಿತ್ತು. ಬರಲಿಲ್ಲ. ನಾನಾಗ ದಾಂಡೇಲಿಯ ಒಂದು ಕಾಗದ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಗುಮಾಸ್ತ. ನಾಲ್ಕು ಗ್ಯಾಂಗುಗಳಲ್ಲಿ ಯಾವುದು ಯಾವ ವಾರ ಯಾವ ಪಾಳಿಗೆ ಬರಬೇಕೆಂಬ ಪಟ್ಟಿ ಮಾಡುವುದು ನನ್ನ ಕೆಲಸ. ಕಂಪ್ಯೂಟರ್ ಎಂಬುದೊಂದು ಬಂದಿದೆ, ಇಂಥ ಪಟ್ಟಿಗಳನ್ನು ರೆಪ್ಪೆ ಮಿಟುಕಿಸುವುದರೊಳಗೆ ಮಾಡುತ್ತದೆ ಎಂದು ಪೇಪರಿನಲ್ಲಿ ಓದಿದವನೇ, ಹುಬ್ಬಳ್ಳಿಯ ಹಳೇ ಪುಸ್ತಕದಂಗಡಿಯಿಂದ ಪ್ರೋಗ್ರಾಮ್ ಬರೆಯುವುದನ್ನು ಕಲಿಸುವ ಇಂಗ್ಲಿಷ್ ಪುಸ್ತಕವೊಂದನ್ನು ತಂದೆ. ಆಗ ದಾಂಡೇಲಿಯಲ್ಲಿ ನಾನು ಕಂಡಂತೆ ಒಂದೂ ಕಂಪ್ಯೂಟರ್ ಇರಲಿಲ್ಲ. ಹಳಿಯಾಳ, ಮುಂಡಗೋಡಗಳ ಮಾತು ಬಿಡಿ. ಅಂಬಿಕಾನಗರದಲ್ಲಿ ಒಂದಿದೆ ಎಂದು ಯಾರೋ ಹೇಳಿದರೆಂದು ರಜೆ ಹಾಕಿ ಬಸ್ಸು ಹತ್ತಿ ಹೋದೆ. ಅಲ್ಲಿಯವರು ತೋರಿಸಿದ್ದು ತಂತಿಯಲ್ಲಿ ಸಂದೇಶ ಕಳಿಸುವ ಟೆಲೆಕ್ಸ್ ಯಂತ್ರ. ‘ಕಂಪ್ಯೂಟರಿನ ಮುಂದೆ ಆರಾಮವಾಗಿ ಕುಳಿತುಕೊಳ್ಳಿ’ ಎಂದು ಪುಸ್ತಕದ ಮೊದಲ ವಾಕ್ಯವೇ ಇತ್ತು. ನಾನು ಜೋಳದ ಚೀಲಕ್ಕೆ ಒರಗಿ ಆರಾಮವಾಗಿ ಕುಳಿತೆ. ಅರ್ಧ ಪಾಲಿಸಿದಂತಾಯಿತು.

ಉಳಿದರ್ಧಕ್ಕೆ ಸುಮಂಗಲಾ ಸಿಕ್ಕಳು. ಅಂಕಿಗಳನ್ನು ಡಬ್ಬಿಗಳಲ್ಲಿ ಇಟ್ಟಂತೆ ಭಾವಿಸಿ ಎಂದು ಪುಸ್ತಕ ಹೇಳಿತ್ತು. ಭಾವಿಸುವುದೇಕೆ, ಅಡುಗೆಮನೆಯ ಕಪಾಟಿನಲ್ಲಿ ಡಬ್ಬಿಗಳ ಸಾಲೇ ಇತ್ತಲ್ಲ? ಸಕ್ಕರೆ ಡಬ್ಬಿಗೆ ಎ ಎಂದೂ ಚಹಾಪುಡಿಯದಕ್ಕೆ ಬಿ ಎಂದೂ ಚೀಟಿ ಅಂಟಿಸಿ, ಒಳಗಿನದನ್ನು ಬೇರೆ ಕಡೆ ಸುರಿದಿಟ್ಟು, ಅಂಕಿಗಳ ಬದಲು ಹುಣಸೆ ಬೀಜ ಹಾಕಿದೆವು. ನಾನು ಪ್ರೋಗ್ರಾಮಿನ ಒಂದೊಂದೇ ಸಾಲು ಓದಿ ತಲೆ ಎತ್ತುವುದು, ಅವಳು ಅದರಂತೆ ಬೀಜ ಹಾಕುವುದು, ತೆಗೆಯುವುದು. ಮೊದಲ ದಿನವೇ ಜಗಳವಾಯಿತು. ಬಿ ಯಲ್ಲಿರುವುದನ್ನು ಎ ಗೆ ಕೊಡು ಎಂದರೆ ಅವಳು ಡಬ್ಬಿ ಬೋರಲು ಹಾಕಿ ಸುರಿದುಬಿಟ್ಟಳು.

“ಹಂಗಲ್ಲ. ಎ ಕ್ಕೂ ಬರಬೇಕು, ಬಿ ಒಳಗೂ ಇರಬೇಕು,” ಎಂದೆ.

“ಕೊಟ್ಟ ಮ್ಯಾಲೂ ಖಾಲಿ ಆಗೂದಿಲ್ಲೇನು?”

“ಆಗೂದಿಲ್ಲ. ಪುಸ್ತಕದಾಗ ಬರದೈತಿ.”

“ಹಂಗಾರ ಆ ವಿದ್ಯಾ ಮೊದಲು ಸಕ್ಕರಿ ಡಬ್ಬಿಗೆ ಕಲಸ್ರಿ. ತಿಂಗಳ ಕಡೀಗೆ ಅನುಕೂಲ ಆಗ್ತೈತಿ.”

ಬಾಯಿ ಜೋರಾದರೂ ಯಂತ್ರ ಪಕ್ಕಾ. ಎರಡು ವರ್ಷ, ನನಗೆ ರಜೆಯಿದ್ದ ದಿನಗಳಲ್ಲೆಲ್ಲ, ರೊಟ್ಟಿ ಬಡಿದು ಮುಗಿಸಿ ಕೈ ಒರೆಸಿಕೊಂಡು ಬಂದು ಅವಳು ಕಂಪ್ಯೂಟರ್ ಆಗುತ್ತಿದ್ದಳು. ನನ್ನ ಪಾಳಿ ಪಟ್ಟಿಯ ಪ್ರೋಗ್ರಾಮಿನಲ್ಲಿ ಎಷ್ಟು ತಪ್ಪುಗಳಿದ್ದವೋ ಅಷ್ಟನ್ನೂ ಹೆಕ್ಕಿ ತೆಗೆದವಳು ಅವಳೇ. “ಮೂರನೇ ಗ್ಯಾಂಗಿನವರು ರಾತ್ರಿ ಪಾಳಿ ಮುಗಿಸಿ ಮನೀಗೇ ಹೋಗದ ಮತ್ತ ಮುಂಜಾನಿ ಪಾಳಿಗೆ ನಿಂತಾರ್ರಿ, ಪಾಪ” ಎಂದು ಒಂದು ಸಲ ಬೀಜ ಹಿಡಿದುಕೊಂಡೇ ಮರುಗಿದಳು. ಕೊನೆಗೆ ಪ್ರೋಗ್ರಾಮು ಆರು ಸಾಲಿಗೆ ಇಳಿದು, ಎಷ್ಟು ಸಲ ಓಡಿಸಿದರೂ ತಪ್ಪದಂತೆ ನಿಂತಿತು.

ಅಷ್ಟರಲ್ಲಿ ಕಾರ್ಖಾನೆಗೆ ಖರೇ ಕಂಪ್ಯೂಟರ್ ಬರುವ ಸುದ್ದಿ ಬಂತು. ನಮ್ಮ ವಿಭಾಗದ ಕುಲಕರ್ಣಿ ಸಾಹೇಬರು ಕರೆಸಿ, “ಹಿರೇಮಠ, ನೀವು ಕಂಪ್ಯೂಟರ್ ಕಲತೀರಂತ, ಖರೇ ಏನು?” ಎಂದರು.

“ಹೌದ್ರಿ ಸರ್.”

“ಎಲ್ಲೆ ಕಲತ್ರಿ?”

“ಮನ್ಯಾಗ್ರಿ.”

ನಮ್ಮ ಮನೆಯಲ್ಲಿ ಕಂಪ್ಯೂಟರ್ ಇದೆಯೆಂದು ಅವರು ತಿಳಿದುಕೊಂಡರು. ನಾನು ತಿದ್ದಲಿಲ್ಲ. ಅವರಾಗಿ ಕೇಳಿದ್ದರೆ ಹೇಳುತ್ತಿದ್ದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸಾಹೇಬರ ಮಾತು ಮುಂದುವರಿಯಿತು: ಇನ್ನು ಮೇಲೆ ಪಟ್ಟಿಯನ್ನು ಯಂತ್ರವೇ ಮಾಡುವುದರಿಂದ ಟೈಮ್ ಆಫೀಸಿನಲ್ಲಿ ನನ್ನ ಜಾಗ ಇರುವುದಿಲ್ಲ. “ಸೋಮವಾರ ಎಲ್ಲಾರ ಮುಂದ ಪಾಳಿ ಪಟ್ಟಿ ಮಾಡಿ ತೋರಸ್ರಿ. ಆತಂದ್ರ ಕಂಪ್ಯೂಟರ್ ರೂಮಿನ ಕುರ್ಚಿ ನಿಮ್ದು. ಇಲ್ಲಂದ್ರ ಜೋಯಿಡಾ ಕಡೆ ಬಿದಿರು ಡಿಪೋಕ್ಕ ಒಬ್ರು ಬೇಕಾಗ್ಯಾರ.” ಬಿದಿರು ಡಿಪೋ ಎಂದರೆ ಕಾಡಿನ ನಡುವೆ ಒಂದು ತಗಡಿನ ಶೆಡ್ಡು, ಸುತ್ತ ಬಿದಿರಿನ ಒಟ್ಟಿಲು. ನಮ್ಮ ಮಗಳು ವಿದ್ಯಾ ಆಗ ನಾಲ್ಕನೇ ಇಯತ್ತೆ. ಡಿಪೋದ ಹತ್ತಿರ ಶಾಲೆಯಿಲ್ಲ. ಹೋದರೆ ನಾನೊಬ್ಬನೇ ಹೋಗಬೇಕು. ಆ ವಾರ ನನಗೆ ಊಟ ಸೇರಲಿಲ್ಲ. ಸುಮಂಗಲಾ ಮಾತ್ರ ಧೈರ್ಯವಾಗಿದ್ದಳು. “ಉಳವಿ ಚನ್ನಬಸವಣ್ಣಗ ಬೇಡ್ಕೊಂಡೇನಿ. ಇವರಿಗೆ ಹೊಸಾ ಜಾಗಾ ಸಿಗಲಿ, ನಡಕೋತ ಬರ್ತೇನಿ ಅಂತ. ನೀವು ಉಣ್ರಿ ಸುಮ್ನ” ಎಂದಳು.

ಸೋಮವಾರ ಬಂತು. ಕಂಪ್ಯೂಟರ್ ರೂಮಿನ ಬಾಗಿಲಲ್ಲಿ ಎಲ್ಲರೂ ಚಪ್ಪಲಿ ಬಿಟ್ಟು, ಊದುಬತ್ತಿಯ ಹೊಗೆಯಲ್ಲಿ ಕೈಕಟ್ಟಿ ನಿಂತರು. ಯಂತ್ರ ಕೂಡಿಸಿದ ಎಂಜಿನಿಯರು ಅದನ್ನು ಚಾಲೂ ಮಾಡಿಟ್ಟು ಮುಂಜಾನೆಯ ಬಸ್ಸಿಗೇ ಹೋಗಿದ್ದರು. ಅದನ್ನು ಇಟ್ಟಿದ್ದು ನಮ್ಮ ಟೈಪಿಸ್ಟ್ ಫಿಲೋಮಿನಾ ಬಾಯಿಯವರ ಟೇಬಲ್ಲಿನ ಮೇಲೆ. ತಮ್ಮ ಟೇಬಲ್ಲು ತಮಗೆ ವಾಪಸ್ಸು ಸಿಗುತ್ತದೋ ಇಲ್ಲವೋ ಎಂದು ಅವರು ಅಲ್ಲಿಯೇ ಕಾದು ನಿಂತಿದ್ದರು. ನಾನು ಜನ್ಮದಲ್ಲಿ ಮೊದಲ ಸಲ ಕಂಪ್ಯೂಟರ್ ಮುಟ್ಟಿದೆ. ಒಂದೇ ಬೆರಳಿನಿಂದ ಮೊದಲ ಸಾಲು ಹೊಡೆದೆ. ಎರಡನೆಯ ಸಾಲು ಕೆಳಗೆ ಹೋಗಬೇಕಲ್ಲ? ಪುಸ್ತಕದಲ್ಲಿ ಸಾಲುಗಳು ತಾವಾಗಿಯೇ ಒಂದರ ಕೆಳಗೊಂದು ಇದ್ದವು. ಜಾಗ ಬಿಡುವ ಅಡ್ಡ ಉದ್ದನೆಯ ಕೀಲಿಯನ್ನು ಟಪಟಪನೆ ಇಪ್ಪತ್ತು ಸಲ ಒತ್ತಿ, ಮಿನುಗುವ ಹಸಿರು ಗೆರೆಯನ್ನು ತಳ್ಳುತ್ತ ತಳ್ಳುತ್ತ ಕೆಳಗಿನ ಸಾಲಿಗೆ ಇಳಿಸಿದೆ. ಇದೂ ಒಂದು ವಿದ್ಯೆಯೇ ಇರಬೇಕೆಂದು ಸಾಹೇಬರು ತಲೆದೂಗಿದರು. ಹೀಗೆ ಆರು ಸಾಲು ಮುಗಿಸಿ, ಓಡು ಎಂಬ ಆಜ್ಞೆಯನ್ನೂ ಹೊಡೆದು, ಮನೆಯಲ್ಲಿ ಮಾಡುತ್ತಿದ್ದಂತೆಯೇ ತಲೆ ಎತ್ತಿ ಕಾದೆ.

ಏನೂ ಆಗಲಿಲ್ಲ. ಹಸಿರು ಗೆರೆ ಮಿನುಗುತ್ತಲೇ ಇತ್ತು.

“ಏನ್ ಮಾಡಾಕತ್ತೈತ್ರಿ ಅದು?” ಎಂದರು ಸಾಹೇಬರು.

“ವಿಚಾರ ಮಾಡಾಕತ್ತೈತ್ರಿ ಸರ್.”

“ಎಷ್ಟೊತ್ತು ಮಾಡ್ತೈತಿ?”

“ಮನ್ಯಾಗ ಮುಂಜಾನಿಂದ ಮಧ್ಯಾಹ್ನದ ತನಕ ಹಿಡೀತಿತ್ರಿ,” ಎಂದೆ. ಅದು ಸುಳ್ಳಲ್ಲ; ನಡುವೆ ಸುಮಂಗಲಾ ಪಲ್ಯದ ಒಗ್ಗರಣೆಗೆ ಎದ್ದು ಹೋಗುತ್ತಿದ್ದಳು.

ಕಾಲು ಗಂಟೆಯಾಯಿತು. ಊದುಬತ್ತಿ ಆರಿತು. ತಂಪು ಹಾಕಿದ ಕೋಣೆಯಲ್ಲೂ ನನ್ನ ಅಂಗಿ ಬೆನ್ನಿಗೆ ಅಂಟಿತು. ಆಗ ಫಿಲೋಮಿನಾ ಬಾಯಿ ಬಗ್ಗಿ, “ಸರ್, ಲೈನ್ ಮುಗದ ಮ್ಯಾಲ ತಳ್ಳೂದಿಲ್ಲೇನ್ರಿ ಇದರಾಗ?” ಎಂದು ಕೇಳಿದರು.

“ಏನು ತಳ್ಳೂದು?”

“ಟೈಪ್‌ರೈಟರಿನಾಗ ಲೈನ್ ಮುಗದ್ರ ರೋಲರ್ ತಳ್ತೇವಲ್ರಿ, ಹಂಗ. ಬಲಕ್ಕ ಇಲ್ಲೆ ದೊಡ್ಡದೊಂದು ಕೀ ಐತಿ ನೋಡ್ರಿ.” ಹೀಗೆಂದು ನನ್ನನ್ನು ಎಬ್ಬಿಸಿ ಕುಳಿತು, ನನ್ನ ಕಾಗದ ನೋಡಿಕೊಂಡು ಹತ್ತೂ ಬೆರಳಿನಿಂದ ಆರು ಸಾಲನ್ನೂ ಓಡು ಆಜ್ಞೆಯನ್ನೂ ಹೊಸದಾಗಿ ಹೊಡೆದರು. ಪ್ರತಿ ಸಾಲಿನ ಕೊನೆಗೂ ಆ ದೊಡ್ಡ ಕೀಲಿಗೆ ಒಂದು ಏಟು. ಕೊನೆಯ ಏಟು ಬಿದ್ದದ್ದೇ ತಡ, ಪರದೆಯ ತುಂಬ ಪಾಳಿ ಪಟ್ಟಿ! ಒಂದು ತಪ್ಪಿಲ್ಲ. ಮೂರನೇ ಗ್ಯಾಂಗಿನವರು ಕೂಡ ಮನೆಗೆ ಹೋಗಿ ಮಲಗಿಯೇ ಬಂದಿದ್ದರು.

ಸಾಹೇಬರಿಗೆ ಬಹಳ ಖುಷಿಯಾಯಿತು. ಯಾವ ಕಂಪ್ಯೂಟರಿನ ಮೇಲೆ ಕಲಿತಿರಿ ಎಂದು ಈ ಸಲ ನೇರವಾಗಿಯೇ ಕೇಳಿದರು. ಸಕ್ಕರೆ ಡಬ್ಬಿ, ಹುಣಸೆ ಬೀಜ, ಸುಮಂಗಲಾ, ಎಲ್ಲವನ್ನೂ ಒಪ್ಪಿಕೊಂಡೆ. ಹೊಟ್ಟೆ ಹಿಡಿದುಕೊಂಡು ನಕ್ಕ ಸಾಹೇಬರು ಕಣ್ಣೊರೆಸಿಕೊಂಡು ತೀರ್ಪು ಕೊಟ್ಟರು: “ಕಂಪ್ಯೂಟರ್ ಇಲ್ದನ ಇಷ್ಟು ಬರೋಬ್ಬರಿ ಬರೀತೀರಿ ಅಂದ ಮ್ಯಾಲ ನಿಮಗ ಕಂಪ್ಯೂಟರ್ ಯಾಕ ಬೇಕ್ರಿ ಹಿರೇಮಠ? ಡಿಪೋದಾಗ ಕುಂತು ಬರದು ಕಳಸ್ರಿ. ಬಾಯಿಯವರು ಇಲ್ಲೆ ಹೊಡೀತಾರ.” ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆದರೆ ಹೊರಗೆ ಬಂದು ಚಪ್ಪಲಿ ಹುಡುಕುವಾಗ ಕಣ್ಣು ಮಂಜಾಗಿ ಎಡಗಾಲಿಗೆ ಬೇರೆಯವರ ಚಪ್ಪಲಿ ಮೆಟ್ಟಿಕೊಂಡು ಬಂದಿದ್ದೇನೆಂದು ತಿಳಿದದ್ದು ಮನೆಗೆ ಹೋದ ಮೇಲೆ. ಆ ಕೀಲಿಯ ಬಗ್ಗೆ ಇರಬಹುದೆಂದು ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ತಿರುವಿದೆ. ನಾಲ್ಕನೆಯ ಪುಟದಲ್ಲಿ ಇತ್ತು: ಪ್ರತಿ ಸಾಲನ್ನೂ ಯಂತ್ರಕ್ಕೆ ಒಪ್ಪಿಸುವ ಬಗೆ ಓದುಗರಿಗೆ ತಿಳಿದೇ ಇರುತ್ತದೆ.

ಸುಮಂಗಲಾ ಸುದ್ದಿ ಕೇಳಿ, “ತಪ್ಪು ನಂದ. ಹೊಸಾ ಜಾಗಾ ಸಿಗಲಿ ಅಂತ ಬೇಡ್ಕೊಂಡೆ, ಯಾವ ಜಾಗಾ ಅಂತ ಹೇಳಲಿಲ್ಲ. ಚನ್ನಬಸವಣ್ಣ ತನ್ನ ಮಗ್ಗಲದಾಗ ಕೊಟ್ಟ” ಎಂದಳು. ಡಿಪೋ ಇರುವುದು ಉಳವಿಯ ದಾರಿಯಲ್ಲಿ. ನಾನು ಅಲ್ಲಿ ಸೇರಿದ ಮೇಲೆ, ಹರಕೆ ಹರಕೆಯೇ ಎಂದು ಹಟ ಹಿಡಿದು ಉಳವಿಗೆ ನಡೆದೇ ಹೋಗಿ ಬಂದಳು. ಹೋಗುವಾಗೊಮ್ಮೆ ಬರುವಾಗೊಮ್ಮೆ ನನ್ನ ಶೆಡ್ಡಿನಲ್ಲಿ ಕುಳಿತು ಕಾಲು ಒತ್ತಿಕೊಂಡಳು.

ಈಗ ನಾನು ವಾರವಿಡೀ ಬಿದಿರಿನ ನಡುವೆ ಕುಳಿತು ಪ್ರೋಗ್ರಾಮ್ ಬರೆದು ಲಾರಿ ಡ್ರೈವರನ ಕೈಯಲ್ಲಿ ಕಳಿಸುತ್ತೇನೆ, ಶನಿವಾರ ಅದೇ ಲಾರಿಯಲ್ಲಿ ಮನೆಗೆ ಹೋಗುತ್ತೇನೆ. ಉಳಿದ ಹೊತ್ತಿನಲ್ಲಿ ಒಂದು ಪುಸ್ತಕ ಬರೆದೆ. ಕಂಪ್ಯೂಟರಿನ ಗಂಧಗಾಳಿ ಇಲ್ಲದವರಿಗಾಗಿ, ಕನ್ನಡದಲ್ಲಿ, ಯಾವುದನ್ನೂ ಬಿಡದೆ. ‘ಸಾಲು ಮುಗಿದ ಕೂಡಲೆ ಬಲಗಡೆಯ ದೊಡ್ಡ ಕೀಲಿಯನ್ನು ಒತ್ತಿರಿ’ ಎಂಬುದನ್ನು ಪುಟಕ್ಕೆರಡು ಸಲ ಬರೆದು ಕೆಂಪು ಶಾಯಿಯಲ್ಲಿ ಗೆರೆ ಎಳೆದೆ. ಇದನ್ನು ಓದಿಯೂ ಕಂಪ್ಯೂಟರ್ ಬಾರದಿದ್ದವನು ಮನುಷ್ಯನೇ ಅಲ್ಲ ಎಂಬ ಧೈರ್ಯದಲ್ಲಿ, ಸುಮಂಗಲಾಳನ್ನೇ ಕೂರಿಸಿ ಪರೀಕ್ಷೆ ಮಾಡಿ ಎಂದು ಫಿಲೋಮಿನಾ ಬಾಯಿಗೆ ಕಳಿಸಿದೆ. ಸಾಹೇಬರೂ ಒಪ್ಪಿದರು. ನಿನ್ನೆ ಲಾರಿಯಲ್ಲಿ ಪುಸ್ತಕ ವಾಪಸ್ಸು ಬಂತು. ಮೊದಲ ಪುಟದ ಮೇಲೆ ಸುಮಂಗಲಾಳ ಅಕ್ಷರ:

“ಮುಂಜಾನೆದ್ದು ಹೋಗಿ ಕುಂತೆ. ನೀವು ಬರದಂಗ ದೊಡ್ಡ ಕೀ ಒತ್ತಿದೆ. ಅರ್ಧಾ ತಾಸು ಒತ್ತಿದೆ. ಬಾಯಿಯವರು ಬಂದು ನಕ್ರು. ಗ್ವಾಡಿ ಮ್ಯಾಲಿನ ಸ್ವಿಚ್ ಹಾಕಬೇಕಂತ ನಿಮ್ಮ ಪುಸ್ತಕದಾಗ ಎಲ್ಲೂ ಬರದಿಲ್ರಿ. ನನಗ ಸ್ವಿಚ್ ಇರಲಿಲ್ಲಲ್ಲ, ಅದಕ್ಕ ಮರತಿರಿ ಕಾಣಸ್ತೈತಿ.”

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಸ್ವಿಚ್ಚು ಹಾಕುವುದನ್ನೂ ಹೇಳಿಕೊಡಬೇಕೇ? ಇದೇನು ಬಾಲವಾಡಿಯೇ? ಪೆನ್ನು ತೆಗೆದವನೇ ಅವಳ ಅಕ್ಷರದ ಕೆಳಗೆ ಖಾರವಾಗಿ ಒಂದು ಸಾಲು ಬರೆದು, ಬಿದಿರಿನ ಲಾರಿ ಹೊರಡುವುದರೊಳಗೆ ಡ್ರೈವರನ ಕೈಗೆ ಕೊಟ್ಟೆ. ಲಾರಿ ತಿರುವು ದಾಟಿ ಹೋದ ಮೇಲಷ್ಟೇ ಏನು ಬರೆದೆನೆಂಬುದು ನೆನಪಿಗೆ ಬಂದು, ಧೂಳಿನಲ್ಲಿ ಅದರ ಹಿಂದೆ ಅರ್ಧ ಮೈಲಿ ಓಡಿದೆ. ಸಿಗಲಿಲ್ಲ. ಬರೆದದ್ದು ಇಷ್ಟೇ: ‘ಇದು ಓದುಗರಿಗೆ ತಿಳಿದೇ ಇರುತ್ತದೆ.’