ಪವಿತ್ರಾತ್ಮನೊಡನೆ ಒಂದು ಚೌಕಾಸಿ

ತುಮಕೂರಿನಲ್ಲಿ ದೇವರನ್ನು ನಂಬಿದವರು ಬೇಕಾದಷ್ಟು ಜನ ಇದ್ದಾರೆ. ಆದರೆ ದೇವರ ಜೊತೆ ಚೌಕಾಸಿಗೆ ಕೂತು, ‘ಈ ರೇಟಿಗೆ ನಂಗೆ ಗಿಟ್ಟಲ್ಲ’ ಎಂದು ಎದ್ದು ಬಂದ ಆಸಾಮಿ ಒಬ್ಬನೇ. ಅವನು ನನ್ನ ಸೋದರಮಾವ! ಸಂಬಂಧ ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಇವತ್ತು ನಾನು ಹಗ್ಗ, ಗೋಣಿಚೀಲದ ಅಂಗಡಿ ಇಟ್ಟು ನಾಲ್ಕು ಜನಕ್ಕೆ ಬುದ್ಧಿ ಹೇಳುವಂತಾಗಿದ್ದರೆ, ಆ ಬುದ್ಧಿ ಕಲಿತದ್ದೇ ಅವನ ಬೆನ್ನ ಹಿಂದೆ ನಿಂತು.

ಮಾವ ದನದ ದಲ್ಲಾಳಿ. ಗುಬ್ಬಿ, ಕುಣಿಗಲ್, ಹೆಬ್ಬೂರು, ಎಲ್ಲಿ ಸಂತೆಯೋ ಅಲ್ಲಿ ಮಾವ. ಅವನ ಬಾಯಿ ಎಂಥದ್ದು ಅಂತೀರಿ? ಮುದಿ ಎತ್ತಿನ ಮುಂದೆ ನಿಂತು ಒಂದಿಷ್ಟು ಹೊತ್ತು ಹೊಗಳಿದರೆ, ಆ ಎತ್ತೇ ನಂಬಿಬಿಟ್ಟು ಬಾಲ ನಿಮಿರಿಸುತ್ತಿತ್ತು!

ಆದರೆ ದನದ ವ್ಯಾಪಾರ ನಿಜವಾಗಿ ನಡೆಯುವುದು ಬಾಯಲ್ಲಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಎಂದಾದರೂ ಉಪಯೋಗಕ್ಕೆ ಬಂದೀತು. ಬಾಯಲ್ಲಿ ನಡೆಯುವುದು ಬರೀ ಪ್ರದರ್ಶನ. ಬೆಲೆ ನಿಲ್ಲುವುದು ಟವೆಲಿನ ಕೆಳಗೆ. ದಲ್ಲಾಳಿ ಹೆಗಲ ಮೇಲಿನ ಟವೆಲನ್ನು ತೆಗೆದು ತನ್ನ ಮತ್ತು ಗಿರಾಕಿಯ ಕೈ ಮೇಲೆ ಹೊದಿಸುತ್ತಾನೆ. ಒಳಗೆ ಬೆರಳು ಬೆರಳನ್ನು ಹಿಡಿದು ಮಾತಾಡುತ್ತದೆ, ಸುತ್ತ ನಿಂತವರಿಗೆ ಟವೆಲ್ ಅಲುಗಾಡುವುದಷ್ಟೇ ಕಾಣುತ್ತದೆ. ಕೊನೆಗೆ ಒಬ್ಬ ಇನ್ನೊಬ್ಬನ ಇಡೀ ಹಸ್ತವನ್ನು ಬಿಗಿಯಾಗಿ ಹಿಡಿದರೆ ವ್ಯಾಪಾರ ಮುಗಿಯಿತು. ಟವೆಲ್ ನಿಂತುಬಿಡುತ್ತದೆ. ಆಮೇಲೆ ದನ ಕುಂಟಲಿ, ಒದೆಯಲಿ, ಹಿಂದಕ್ಕೆ ಕೊಡುವಂತಿಲ್ಲ. ಬಾಯಲ್ಲಿ ಸಾವಿರ ಸುಳ್ಳು ಹೇಳಿದ ಮಾವ ಟವೆಲಿನ ಕೆಳಗೆ ಒಂದು ಸುಳ್ಳನ್ನೂ ಆಡಿದವನಲ್ಲ. ಕಸುಬು ಹಿಡಿದ ಹೊಸದರಲ್ಲಿ ಈ ಬೆರಳಿನ ಪಾಠ ರೂಢಿ ಮಾಡಿಕೊಳ್ಳಲು ಅವನಿಗೆ ಸಿಕ್ಕಿದ್ದು ಅತ್ತೆಯ ಕೈ. ಆಗಷ್ಟೇ ಮದುವೆಯಾಗಿತ್ತು. ಪಾಠ ಎಷ್ಟು, ನೆಪ ಎಷ್ಟು ಎಂದು ನಾನು ಕೇಳಲು ಹೋಗಿಲ್ಲ.

ಅತ್ತೆ ಮಾತ್ರ ಮಾತಿನಲ್ಲಿ ಕಡು ಜಿಪುಣಿ. ಮನೆಯ ಮಾತೆಲ್ಲ ಮಾವನೇ ಗುತ್ತಿಗೆ ಹಿಡಿದಿದ್ದರಿಂದ ಅವಳಿಗೆ ಉಳಿದಿದ್ದಾದರೂ ಎಷ್ಟು? ಒಂದು ಸಲ ಅವಳು ಕುಣಿಗಲ್ಲಿನ ತವರಿಗೆ ಹೋಗಿದ್ದಾಗ, ಅವಳು ಕರುವಿನಿಂದ ಸಾಕಿದ್ದ ಕೆಂದ ಹಸುವನ್ನು ಮಾವ ಮಾರಿಬಿಟ್ಟ. ಒಳ್ಳೆಯ ಗಿರಾಕಿ ಸಿಕ್ಕಿದ್ದನಂತೆ, ಕೈ ಸುಮ್ಮನಿರಲಿಲ್ಲವಂತೆ. ಅತ್ತೆ ವಾಪಸು ಬಂದು ಖಾಲಿ ಗೂಟ ನೋಡಿದಳು. ಗೂಟಕ್ಕೆ ಸುತ್ತಿದ್ದ ಹಗ್ಗ ಬಿಚ್ಚಿ, ತೊಳೆದು, ಒಣಗಿಸಿ, ಎತ್ತಿಟ್ಟಳು. ಬೈದಿದ್ದರೆ ಮಾವ ಅದನ್ನು ಮಾರನೆಯ ದಿನವೇ ಮರೆಯುತ್ತಿದ್ದ. ಬೈಯದೆ ಹೋದದ್ದು ವರ್ಷಗಟ್ಟಲೆ ಅವನ ಕಿವಿಯಲ್ಲಿ ಕೂತಿತ್ತು.

ನಮ್ಮದು ಹಳೆಯ ಮಿಷನ್ ಸಭೆಯ ಕುಟುಂಬ. ಅಲ್ಲಿ ಎಲ್ಲವೂ ಅಚ್ಚುಕಟ್ಟು: ನಿಂತು ಹಾಡು, ಕೂತು ಪ್ರಾರ್ಥನೆ, ಪ್ರಸಂಗದ ಹೊತ್ತಿಗೆ ನಿದ್ದೆ. ಎಪ್ಪತ್ತರ ದಶಕದ ಕೊನೆಗೆ ಗುಬ್ಬಿ ಗೇಟಿನ ಕಡೆ, ಹಳೆಯ ಕೊಬ್ಬರಿ ಗೋಡೌನೊಂದರಲ್ಲಿ ಹೊಸ ಪ್ರಾರ್ಥನಾ ಸಭೆ ಶುರುವಾಯಿತು. ಅಲ್ಲಿ ನಿದ್ದೆಗೆ ಅವಕಾಶವೇ ಇರಲಿಲ್ಲ. ತಮಟೆ, ಚಪ್ಪಾಳೆ, ಹಲ್ಲೆಲೂಯ! ನೀರಿನ ದೀಕ್ಷಾಸ್ನಾನ ಆದರೆ ಸಾಲದು, ಆತ್ಮದ ದೀಕ್ಷಾಸ್ನಾನವೂ ಆಗಬೇಕು ಎಂದು ಅಲ್ಲಿನ ಪಾಸ್ಟರು ಬೋಧಿಸುತ್ತಿದ್ದರು. ಪವಿತ್ರಾತ್ಮ ಇಳಿದು ಬಂದಾಗ ಮನುಷ್ಯ ತಾನು ಎಂದೂ ಕಲಿಯದ ಭಾಷೆಯಲ್ಲಿ ದೇವರೊಡನೆ ಮಾತಾಡುತ್ತಾನೆ. ಅದೇ ಅನ್ಯಭಾಷೆಯ ವರ.

ಪಕ್ಕದ ಮನೆಯವರು ಕರೆದರೆಂದು ಅತ್ತೆ ಹೋದಳು, ಹಿಂದೆ ಮಾವನೂ ಹೋದ, ಮಾವನ ಹಿಂದೆ ನಾನೂ. ವರ ಯಾರಿಗೆ ಸಿಕ್ಕಿರಬೇಕು ಹೇಳಿ! ಅತ್ತೆ ಸೆರಗು ಹೊದ್ದು ಮೊಣಕಾಲೂರಿದವಳು, ಕಣ್ಣಲ್ಲಿ ನೀರು ಸುರಿಸುತ್ತ, ತೂಬು ಎತ್ತಿದ ಕೆರೆಯ ಹಾಗೆ ಮಾತಾಡತೊಡಗಿದಳು. ಮುಖದಲ್ಲಿ ಎಂಥ ಬೆಳಕು! ಮಾವ ಬಾಯಿ ತೆರೆದುಕೊಂಡು ನೋಡುತ್ತ ಕೂತ. ತೆರೆದ ಆ ಬಾಯಿಂದ ಮಾತು ಹೊರಡದೆ ಇದ್ದದ್ದು ಅವತ್ತೇ ಮೊದಲು.

ಮರುದಿನ ಬೆಳಿಗ್ಗೆ ನಾನು ಅಂಗಡಿಯ ಬಾಗಿಲು ತೆಗೆಯುವುದರೊಳಗೆ ಮಾವ ಹಾಜರಾದ.

“ನಿಮ್ಮತ್ತೆ ನನ್ ಮ್ಯಾಲೆ ದೇವ್ರಿಗೆ ದೂರು ಕೊಡ್ತಾವ್ಳೆ ಕಣ್ಲಾ.”

“ಅದು ಸ್ತೋತ್ರ ಮಾವ.”

“ಸ್ತೋತ್ರ ಅಷ್ಟುದ್ದ ಇರ್ತದೇನ್ಲಾ? ನಡುವೆ ನಡುವೆ ಬಿಕ್ಕಳಿಸ್ತಾವ್ಳೆ. ಅದು ಹಸುವಿನ ಇಚಾರನೇಯ.”

ಸಮಾಧಾನ ಹೇಳಿದರೆ ಕೇಳುವ ಪ್ರಾಣಿಯಲ್ಲ. ಸರಕಿನ ಮೂಲ ತಿಳಿಯದೆ ತೀರ್ಮಾನಕ್ಕೆ ಬರಬೇಡ, ಅದು ಯಾವ ಭಾಷೆಯೆಂದು ಮೊದಲು ಪತ್ತೆ ಮಾಡು ಎಂದು ನಾನೇ ಸಲಹೆ ಕೊಟ್ಟೆ. ನನ್ನ ಸಲಹೆಗಳಲ್ಲಿ ಇದೊಂದು ಸ್ವಲ್ಪ ಹಾಳು. ಮಾವ ಅತ್ತೆಯ ಒಂದೆರಡು ಸಾಲು ಬಾಯಿಪಾಠ ಮಾಡಿಕೊಂಡು ಹೊರಟೇಬಿಟ್ಟ. ಮಂಡಿಪೇಟೆಯ ಸಾಬರು ಪೂರ್ತಿ ಕೇಳಿ, ಇದು ಉರ್ದುವಲ್ಲ, ತಮಿಳಿರಬೇಕು ಎಂದರು. ನಿಟ್ಟೂರು ರೈಲ್ವೆ ಸ್ಟೇಷನ್ನಿನ ತಮಿಳು ಪಾಯಿಂಟ್ಸ್‌ಮನ್ ಇದು ಮಲಯಾಳ ಎಂದು ಕೈ ತೊಳೆದುಕೊಂಡ. ಗುಬ್ಬಿಯ ಮಲಯಾಳಿ ನರ್ಸಮ್ಮ ಮಾತ್ರ ಬಹಳ ಕಾಳಜಿಯಿಂದ ಇನ್ನೊಂದು ಸಲ ಹೇಳಿ ಎಂದು ಹೇಳಿಸಿ, ಬಾಯಿಗೆ ಟಾರ್ಚು ಬಿಟ್ಟು ನೋಡಿ, ಉಪ್ಪುನೀರು ಮುಕ್ಕಳಿಸಲು ಹೇಳಿ ಕಳಿಸಿದಳಂತೆ!

ಇನ್ನು ಉಳಿದದ್ದು ಒಂದೇ ದಾರಿ. ತಾನೂ ಆ ವರ ಪಡೆದು, ಅವಳ ಪಕ್ಕದಲ್ಲೇ ನಿಂತು ತನ್ನ ಕಡೆಯ ವಾದವನ್ನೂ ಮಂಡಿಸುವುದು.

ಶುರುವಾಯಿತು ಚೌಕಾಸಿ. ವರ ಕೊಟ್ಟರೆ ಬೀಡಿ ಬಿಡುತ್ತೇನೆ ಎಂದ. ಮೇಲಿನಿಂದ ಸದ್ದಿಲ್ಲ. ಅದರ ಮೇಲೆ ನಶ್ಯ ಸೇರಿಸಿದ. ಆಗಲೂ ಇಲ್ಲ. ಕೊನೆಗೆ, ಇನ್ನು ಮೇಲೆ ಹಲ್ಲು ಸವೆದ ಎತ್ತಿಗೆ ವಯಸ್ಸು ಕಡಿಮೆ ಹೇಳುವುದಿಲ್ಲ ಎಂದುಬಿಟ್ಟವನು, ಎರಡು ಉಸಿರು ಎಳೆಯುವುದರೊಳಗೆ ‘ಬ್ಯಾಡ ಸ್ವಾಮಿ, ಇದು ಜಾಸ್ತಿಯಾಯ್ತು’ ಎಂದು ವಾಪಸು ತೆಗೆದುಕೊಂಡ. ಬೇಕು ಬೇಕು ಎಂದು ಮುಖದಲ್ಲೇ ತೋರಿಸಿದರೆ ಯಾವ ಮಾರಾಟಗಾರನೂ ಇಳಿಯುವುದಿಲ್ಲ ಎಂದು ನಾನೂ ತಿಳಿಹೇಳಿದೆ. ನಮ್ಮಿಬ್ಬರ ಮಾತು ಕೇಳಿಸಿಕೊಂಡ ಪಾಸ್ಟರು ನಕ್ಕುಬಿಟ್ಟರು. ಇದು ಮಾರಾಟದ ಸರಕಲ್ಲ ಅಣ್ಣ, ದೇವರು ಪುಕ್ಕಟೆ ಕೊಡುವಂಥದ್ದು ಎಂದರು.

ಅವರು ಅತ್ತ ಹೋದ ಮೇಲೆ ಮಾವ ನನ್ನ ಕಿವಿಗೆ ಬಾಯಿಟ್ಟ.

“ಪುಕ್ಕಟೆ ಅಂದ್ರೆ ಎಲ್ಲೋ ಐಬೈತೆ ಕಣ್ಲಾ.”

ಕಾದು ಕಾದು ಸಾಕಾಗಿ, ಒಂದು ಭಾನುವಾರ ಮಾವ ಅಡ್ಡದಾರಿ ಹಿಡಿದ. ದನದ ದಲ್ಲಾಳಿಗಳು ತಮ್ಮೊಳಗೆ ಆಡುವ ಗುಟ್ಟಿನ ಮಾತೊಂದಿದೆ. ಬೆಲೆ, ಸುಳಿ, ಐಬು ಎಲ್ಲದಕ್ಕೂ ಬೇರೆ ಬೇರೆ ಹೆಸರು, ಹೊರಗಿನವರಿಗೆ ಒಂದಕ್ಷರ ಅರ್ಥವಾಗದು. ಎಲ್ಲರೂ ಆರಾಧನೆಯಲ್ಲಿ ಮೈಮರೆತಿದ್ದಾಗ ಮಾವ ಎರಡು ಕೈ ಎತ್ತಿ, ಕಣ್ಣು ಮುಚ್ಚಿ, ಅದನ್ನೇ ಧಾರಾಕಾರವಾಗಿ ಸುರಿಸತೊಡಗಿದ. ಏನು ಓಘ! ಏನು ಏರಿಳಿತ! ಸಭೆಗೆ ಸಭೆಯೇ ಹಲ್ಲೆಲೂಯ ಎಂದಿತು. ಹೆಂಗಸರು ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಕೊನೆಯ ಚಾಪೆಯಿಂದ ಹೆಬ್ಬೂರಿನ ರೈತನೊಬ್ಬ ಮೆಲ್ಲಗೆ ಎದ್ದು ನಿಂತ.

“ಪಾಸ್ಟ್ರೇ, ಈ ಭಾಸೆ ನಂಗೊತ್ತು. ಈ ಯಪ್ಪ ಇದೇ ಭಾಸೇಲಿ ನಂಗೆ ಕುಂಟೆತ್ತು ಮಾರವ್ನೆ.”

ಮೊದಲು ನಕ್ಕವರು ಪಾಸ್ಟರು. ಆಮೇಲೆ ಗೋಡೌನಿನ ಹೆಂಚು ಹಾರುವಷ್ಟು ಇಡೀ ಸಭೆ ನಕ್ಕಿತು. ನಾನು? ನನ್ನನ್ನು ಕೇಳಬೇಡಿ, ಕಂಬ ಹಿಡಿದುಕೊಂಡಿದ್ದೆ. ನಗದವರು ಇಬ್ಬರೇ. ಒಬ್ಬ ಮಾವ. ಇನ್ನೊಬ್ಬಳು ಅತ್ತೆ, ಅವಳು ಗಂಡನನ್ನೇ ನೋಡುತ್ತಿದ್ದಳು.

ಆ ವಾರ ಮಾವ ಮಾತು ಬಿಟ್ಟ. ಸುಳ್ಳಲ್ಲ! ಗುಬ್ಬಿ ಸಂತೆಯಲ್ಲಿ ಅವನು ಸುಮ್ಮನೆ ನಿಂತಿದ್ದು ನೋಡಿ ಗಿರಾಕಿಗಳು ಗಾಬರಿಯಾದರು. ಮಾವನೇ ಹೊಗಳದ ದನಕ್ಕೆ ಯಾವ ಘೋರ ಕಾಯಿಲೆಯೋ ಎಂದು ಯಾರೂ ಹತ್ತಿರ ಸುಳಿಯಲಿಲ್ಲ. ಇನ್ನು ಇವನು ಸಭೆಯ ಕಡೆ ತಲೆ ಹಾಕುವುದಿಲ್ಲ ಎಂದು ನಾನು ಲೆಕ್ಕ ಹಾಕಿದೆ. ಆದರೆ ಮುಂದಿನ ಭಾನುವಾರ ಬೆಳಿಗ್ಗೆ, ಒಗೆದು ಮಡಿಸಿದ ಟವೆಲ್ ಹೆಗಲಿಗೆ ಹಾಕಿಕೊಂಡು ನನ್ನ ಮೊಪೆಡ್ಡಿನ ಹಿಂದೆ ಹತ್ತಿ ಕೂತ.

ಗೋಡೌನಿನಲ್ಲಿ ಗಂಡಸರ ಚಾಪೆಯ ಅಂಚಿನಲ್ಲಿ ಕೂತೆವು. ಹಾಡು ಮುಗಿದು ಪ್ರಾರ್ಥನೆ ಏರುತ್ತಿತ್ತು. ಎಲ್ಲರ ಕೈ ಮೇಲಿತ್ತು, ಮಾವನ ಕೈ ಮಾತ್ರ ಕೆಳಗೆ. ತೊಡೆಯ ಮೇಲೆ ಟವೆಲ್ ಹಾಸಿ ಬಲಗೈಯನ್ನು ಒಳಗೆ ತೂರಿಸಿದ್ದ. ಟವೆಲ್ ಅಲುಗಾಡುತ್ತಿತ್ತು.

“ಏನ್ ಮಾವ ಇದು?”

“ಬಾಯಿ ಸಂತೇಲೇ ಕೆಟ್ಟೋಗೈತೆ ಕಣಪ್ಪ. ಅದ್ನ ತಂದು ದೇವ್ರ ಮುಂದೆ ಹೆಂಗ್ ಇಕ್ಕನಾ? ಈ ಕೈ ಇನ್ನಾ ಸುಳ್ಳೇಳಿಲ್ಲ.”

ನನಗೆ ಸಲಹೆ ಹೊಳೆಯಲಿಲ್ಲ. ಹೀಗಾಗುವುದು ಬಹಳ ಅಪರೂಪ.

ಆ ಕಡೆ ಹೆಂಗಸರ ಚಾಪೆಯಲ್ಲಿ ಅತ್ತೆಯ ಅನ್ಯಭಾಷೆ ಹರಿಯುತ್ತಿತ್ತು. ಅವಳು ಕಣ್ಣು ತೆರೆದಳು, ಮಾವನನ್ನು ನೋಡಿದಳು, ಟವೆಲನ್ನು ನೋಡಿದಳು. ಮಾತು ತಾನಾಗಿ ನಿಂತಿತು. ಎದ್ದಳು. ಸಭೆಯ ನಡುವೆ ಬಿಟ್ಟಿದ್ದ ದಾರಿಯನ್ನು ದಾಟಿ ಗಂಡಸರ ಕಡೆ ಬಂದು, ಮಾವನ ಪಕ್ಕದಲ್ಲಿ ನೆಲದ ಮೇಲೇ ಕೂತಳು. ಮಾವ ತಲೆ ಎತ್ತದೆಯೇ ಕೇಳಿದ. ಅಷ್ಟು ಸಣ್ಣ ದನಿ ಅವನಲ್ಲಿದೆಯೆಂದು ನನಗೆ ಆವರೆಗೆ ಗೊತ್ತಿರಲಿಲ್ಲ.

“ಆ ಕೆಂದ ಹಸುವಿನ ಇಚಾರ ಹೇಳ್ತೀಯೇನೇ, ದೇವ್ರ ತಾವ?”

ಅತ್ತೆ ಸೆರಗಿನಿಂದ ಕೈ ಹೊರತೆಗೆದು ಟವೆಲಿನ ಕೆಳಗೆ ಸೇರಿಸಿದಳು.

ಟವೆಲ್ ಒಮ್ಮೆ ಅಲುಗಿತು. ಆಮೇಲೆ ನಿಂತುಬಿಟ್ಟಿತು.

ಮಾವನ ಬಾಯಿ ತೆರೆಯಿತು. ಕಣ್ಣಿಂದ ನೀರು ಮೀಸೆಗೆ ಇಳಿಯುತ್ತಿತ್ತು, ಮಾತು ಮಾತ್ರ ಒಂದೂ ಹೊರಡಲಿಲ್ಲ. ಪಾಸ್ಟರು ಸದ್ದಾಗದಂತೆ ಬಂದು ನನ್ನ ಹತ್ತಿರ ಬಗ್ಗಿ, ಅಣ್ಣನಿಗೆ ಸಿಕ್ಕಿತಾ ಎಂದು ಪಿಸುಗುಟ್ಟಿದರು. ಸರಕನ್ನು ಕಣ್ಣಾರೆ ನೋಡದೆ ಹೂಂ ಅನ್ನುವ ವ್ಯಾಪಾರಿ ನಾನಲ್ಲ. ಆದರೂ ಅವತ್ತು ಅಂದೆ.

“ಸಿಕ್ತು ಪಾಸ್ಟ್ರೇ.”

ಪ್ರಾರ್ಥನೆ ಮುಗಿದು, ಎಲ್ಲರೂ ಎದ್ದು ಚಾಪೆ ಸುತ್ತತೊಡಗಿದರೂ ಆ ಟವೆಲ್ ಅಲುಗಾಡಲಿಲ್ಲ.