ಅತ್ತೆ ಒಪ್ಪದ ಎದೆಬಡಿತ

ನಮ್ಮ ಸೋದರತ್ತೆ ಯಾರ ಮಾತನ್ನೂ ಸುಲಭಕ್ಕೆ ಒಪ್ಪಿದವಳಲ್ಲ. ಒಬ್ಬ ಸತ್ತನೆಂದು ಡಾಕ್ಟರೇ ಹೇಳಿದರೂ, "ತಡೀರಿ, ನಾನೊಮ್ಮೆ ನೋಡ್ತೀನಿ" ಎನ್ನುವ ಹೆಂಗಸು! ಮಸ್ಕಿಯ ವ್ಯಾಪಾರಿಯೊಬ್ಬರು ನಡೆಸುತ್ತಿದ್ದ ಪುಟ್ಟ ದವಾಖಾನೆಯಲ್ಲಿ ಆಕೆ ಆಯಾ, ನಾನು ಚೀಟಿ ಬರೆಯುವವ. ಒಮ್ಮೆ ಅಲ್ಲಿನ ಡಾಕ್ಟರು ಥರ್ಮಾಮೀಟರನ್ನು ಜಾಡಿಸದೆ ರೋಗಿಯೊಬ್ಬಳ ಬಾಯಿಗಿಡಲು ಹೋದಾಗ, "ಮೊದಲ ಇದರ ಜ್ವರ ಇಳಸ್ರಿ, ಆಮ್ಯಾಲ ಆಕೀದು ನೋಡ್ರಿ" ಎಂದಿದ್ದಳು. ಅಕ್ಷರ ಬಾರದವಳಿಗೆ ಇಷ್ಟು ಸೊಕ್ಕು ಎಲ್ಲಿಂದ ಬಂತೋ!

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳವು. ಹೈದರಾಬಾದಿನ ದೊಡ್ಡ ಡಾಕ್ಟರೊಬ್ಬರು ಎದೆಬಡಿತ ತೋರಿಸುವ ಪೆಟ್ಟಿಗೆಯನ್ನು ಮೋಟಾರಿನಲ್ಲಿ ಹೇರಿಕೊಂಡು, ಲಿಂಗಸುಗೂರು ಮುಗಿಸಿ ನಮ್ಮಲ್ಲಿಗೆ ಬಂದರು. ಎರಡು ಕೈಗೆ, ಎಡಗಾಲಿಗೆ ತಗಡು ಕಟ್ಟಿ ತಂತಿ ಸಿಕ್ಕಿಸಿದರೆ, ಪೆಟ್ಟಿಗೆಯ ಗಾಜಿನಲ್ಲಿ ಕೂದಲೆಳೆಯಂಥ ನೆರಳು ಬಡಿತಕ್ಕೆ ತಕ್ಕಂತೆ ಜಿಗಿಯುತ್ತಿತ್ತು. ಮೊದಲು ಮಲಗಿದವನು ಸಿಂಧನೂರಿಗೆ ಟಪಾಲು ಹೊತ್ತು ಓಡುವವ. ದಾರಿಯಲ್ಲಿ ಒಮ್ಮೆ ತಲೆ ತಿರುಗಿ ಬಿದ್ದಿದ್ದ. ಎದೆ ಗಟ್ಟಿಯಿದೆಯೆಂದು ಚೀಟಿ ತಂದರಷ್ಟೇ ಅವನಿಗೆ ನೌಕರಿ.

ಎರಡು ಕೈಗಳ ನಡುವೆ ನೆರಳು ಒಂದೇ ಸಮನೆ ಜಿಗಿಯುತ್ತಿತ್ತು. ಡಾಕ್ಟರು ಗುಂಡಿ ತಿರುಗಿಸಿ ಎಡಗಾಲು ಸೇರಿಸಿದ್ದೇ ತಡ, ಹುಚ್ಚೆದ್ದು ಕುಣಿಯಿತು.

"ದಿಲ್ ಖರಾಬ್ ಅದ," ಎಂದರು. "ಬರಕೋರಿ, ನೌಕರಿಗೆ ನಾಲಾಯಕ್."

ನಾನು ಲೇಖನಿ ಎತ್ತಿದೆ. ಅತ್ತೆ ಕೈ ಅಡ್ಡ ಹಿಡಿದಳು.

"ಬರೀಬ್ಯಾಡಲೇ. ಸಾಹೇಬ್ರ, ಎದಿ ಕೆಟ್ಟಿದ್ರ ಕೈಗೊಂದು ಕಾಲಿಗೊಂದು ಮಾತು ಹೇಳತೈತೇನ್ರಿ?"

"ನೀ ಆಯಾ ಇದ್ದಿ."

"ಹೌದ್ರಿ. ಅದಕ್ಕ ಕಾಲು ತೊಳ್ಯಾದು ನನಗ ಗೊತ್ತೈತಿ."

ಆ ಕಾಲಿಗೋ ಎರೆಮಣ್ಣಿನ ಧೂಳು, ಅದರ ಮೇಲೆ ನೋವಿಗೆಂದು ಬಳಿದ ಔಡಲೆಣ್ಣೆ! ಅತ್ತೆ ಸಾಬೂನು ಹಚ್ಚಿ ಚರ್ಮ ಕೆಂಪಾಗುವಷ್ಟು ಉಜ್ಜಿದಳು. ತಗಡಿನ ಕಿಲುಬನ್ನು ಹುಣಸೆಹಣ್ಣಿನಿಂದ ತಿಕ್ಕಿ ತೊಳೆದಳು. ತಗಡಿನಡಿಯ ಬಟ್ಟೆ ಒಣಗಿ ಹಪ್ಪಳವಾಗಿತ್ತು. ಅದನ್ನು ಡಾಕ್ಟರೇ ಇಟ್ಟಿದ್ದ ಉಪ್ಪುನೀರಿನಲ್ಲಿ ಅದ್ದಿ, ಪಟ್ಟಿ ಬಿಗಿದು, ತಂತಿಯ ತಿರುಪು ತಿರುವಿದಳು. ಹೆದರಿಕೆಗೆ ನಡುಗುತ್ತಿದ್ದವನ ಮೇಲೆ ಕಂಬಳಿ ಹೊದಿಸಿ, "ಸುಮ್ನ ಮಲ್ಕೊ. ನಿನ್ನ ನಡುಕಾನೂ ಅದರಾಗ ಕಾಣತೈತಿ" ಎಂದಳು.

ನೆರಳು ಪಳಗಿದ ಎತ್ತಿನಂತೆ ಹೆಜ್ಜೆ ಹಾಕತೊಡಗಿತು. ಡಾಕ್ಟರು ಬಹಳ ಹೊತ್ತು ನೋಡಿ, "ಲಾಯಕ್" ಎಂದರು. ನಾನು ದಪ್ಪಕ್ಷರದಲ್ಲಿ ಬರೆದೆ.

ಮನುಷ್ಯ ದೊಡ್ಡವರು, ಸಿಟ್ಟಾಗಲಿಲ್ಲ. "ಭಾಳ ಏದುಸಿರು ಬಿಡಾಕತ್ತೀಯಲ್ಲಮ್ಮಾ, ನೀನೂ ಮಲಗು" ಎಂದರು.

ಅತ್ತೆ ತಾನೇ ಕಾಲು ಉಜ್ಜಿಕೊಂಡು, ತಾನೇ ಬಟ್ಟೆ ಅದ್ದಿ ಮಲಗಿದಳು. ನೆರಳು ಎರಡು ಹೆಜ್ಜೆ ಇಟ್ಟು ತಡವರಿಸಿತು. ಡಾಕ್ಟರು ಒಂದೊಂದೇ ಪಟ್ಟಿ ಬಿಚ್ಚಿ ಕಟ್ಟಿದರು, ಮೂರೂ ತಂತಿ ತಪಾಸು ಮಾಡಿದರು. ಕೈಯಲ್ಲೂ ಅದೇ ತಡವರಿಕೆ, ಕಾಲಲ್ಲೂ ಅದೇ.

"ಬಿಡ್ರಿ ಸಾಹೇಬ್ರ," ಎಂದಳು ಅತ್ತೆ. "ಜೋಡಣಿ ಬರೋಬರಿ ಐತಿ. ಇದು ನಂದೇ."

ಎದ್ದು ಕೂತು, "ಮುಂದಿನವ್ರನ್ನ ಕರಿಯಲೇ" ಎಂದು ನನಗೆ ಗದರಿದಳು. ನಾನು ಕರೆಯಲಿಲ್ಲ. ಕೆಳಗೆ ಕೂತು, ಆಕೆಯ ಕಾಲಿನ ಉಪ್ಪುನೀರನ್ನು ನನ್ನ ಧೋತರದ ತುದಿಯಿಂದ ಒರೆಸಿದೆ. ಆಕೆ ಬೇಡವೆನ್ನಲಿಲ್ಲ.