ನನ್ನ ಮೊಣಕೈಯ ಹಿತಚಿಂತಕರು

‘ಕೈ ಕೆಸರಾದರೆ ಬಾಯಿ ಮೊಸರು’ ಎಂದು ಅಜ್ಜಿ ಹೇಳುತ್ತಿದ್ದಳು. ಬಾಲ್ಯದಲ್ಲಿ ನಂಬಿದ್ದೆ. ಕನ್ನಡ ಎಂ.ಎ. ಮುಗಿಸಿ ರಾಣೇಬೆನ್ನೂರಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾದ ಮೇಲೆ ಸಂದೇಹ ಹುಟ್ಟಿತು. ಕೈ ಕೆಸರಾಗುವುದನ್ನು ಗಾದೆ ಬಲ್ಲದು. ಕೈ ನೋಯುವುದರ ಬಗ್ಗೆ ಮೌನವಾಗಿದೆ. ಆ ಮೌನವನ್ನು ತುಂಬಲು ನಮ್ಮ ಕಡೆಯ ಜನ ಸದಾ ಸಿದ್ಧರಿರುವುದರಿಂದ ಇಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ.

ಹಗಲು ಕಪ್ಪು ಹಲಗೆಯ ಮೇಲೆ, ಸಂಜೆ ಎಂ.ಫಿಲ್. ಪ್ರಬಂಧದ ಮೇಲೆ ಬರೆದು ಬರೆದು ನನ್ನ ಬಲ ಮೊಣಕೈ ನೋಯತೊಡಗಿತ್ತು. ಆ ಬೇಸಿಗೆಯೊಳಗೆ ಪ್ರಬಂಧ ಒಪ್ಪಿಸದಿದ್ದರೆ ಕಾಯಂ ನೌಕರಿಗೆ ಅರ್ಜಿ ಹಾಕುವಂತಿರಲಿಲ್ಲ. ವೈದ್ಯರು ‘ಬರೆಯುವುದನ್ನು ನಿಲ್ಲಿಸು’ ಎಂದಾರೆಂಬ ಭಯದಿಂದ ವೈದ್ಯರನ್ನುಳಿದು ಎಲ್ಲರ ಸಲಹೆಯನ್ನೂ ಪಡೆದೆ.

೧. ಎಣ್ಣೆ

ಬ್ಯಾಡಗಿಯ ಮನೆಯಲ್ಲಿ ಅವ್ವ ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕುಳಿತಿದ್ದಳು. ಸೆರಗಿಗೆ ಕೈ ಒರೆಸಿಕೊಂಡು ನನ್ನ ತೋಳಿಗೆ ಔಡಲೆಣ್ಣೆ ತಿಕ್ಕಿದಳು.

“ಅವ್ವಾ, ಉರಿಯಾಕತ್ತೈತಿ!”

“ಉರೀಲಿ ಬಿಡು. ಎಣ್ಣಿ ಎಲುಬಿಗೆ ಇಳದೈತಿ.”

“ಎಣ್ಣಿ ಅಲ್ಲಬೇ, ಮೆಣಸಿನಕಾಯಿ!”

ಅವ್ವ ಅಂಗೈ ನೋಡಿಕೊಂಡಳು. “ಹೌದಲ್ಲ! ಆದ್ರ ನೋವು ಹೋತಿಲ್ಲೋ?”

ಉರಿಯ ಎದುರು ನೋವು ನೆನಪಿಗೇ ಬರಲಿಲ್ಲ. ಕಣ್ಣಲ್ಲಿ ನೀರು ಬಂತು. ಅದನ್ನು ಒರೆಸಿಕೊಂಡದ್ದು ಅದೇ ತೋಳಿನಿಂದ.

೨. ಬಸ್ಸು

ಮೊಣಕೈಗೆ ಪಟ್ಟಿ ಕಟ್ಟಿಕೊಂಡು ಹಾವೇರಿಯ ಬಸ್ಸಿನಲ್ಲಿ ನಿಂತಿದ್ದೆ. ಕುಳಿತಿದ್ದ ಹಿರಿಯರೊಬ್ಬರು ಕೇಳಿದರು: “ಕೈಗೇನಾತೋ ತಮ್ಮಾ?”

“ಬರದು ಬರದು ನೋವಾಗೇತ್ರಿ ಅಜ್ಜಾರ.”

“ಹೊಲದಾಗ ರಂಟಿ ಹೊಡದ್ರ ಕೈ ನೋಯತೈತಿ. ಬರದ್ರ ಯಾಕ ನೋಯತೈತಿ? ಖರೇ ಹೇಳು, ಯಾರ ಕೂಡ ಬಡದಾಡಿದಿ?”

ಒಂದೇ ಚಲನೆಯ ಪುನರಾವರ್ತನೆಯಿಂದ ಸ್ನಾಯುಗಳು ಬಳಲುತ್ತವೆಂದು ವಿವರಿಸಿದೆ. ಕಂಡಕ್ಟರ್ ಟಿಕೆಟ್ ಹರಿಯುವುದನ್ನು ನಿಲ್ಲಿಸಿ, “ಅದಿರ್ಲಿ ಸರ, ಗೆದ್ದವ್ರು ಯಾರು?” ಎಂದ.

ಮೋಟೆಬೆನ್ನೂರು ಬರುವಷ್ಟರಲ್ಲಿ ನಾನು ಬಡಿದಾಡಿದ್ದನ್ನೂ ಗೆದ್ದದ್ದನ್ನೂ ಒಪ್ಪಿಕೊಂಡೆ. ಕೂಡಲೇ ಕೂರಲು ಜಾಗ ಸಿಕ್ಕಿತು.

೩. ಒದೆ

ಕೆಲವು ವಾರಗಳ ತರುವಾಯ ಕಿರುಬೆರಳು ಜೋಮು ಹಿಡಿಯತೊಡಗಿತು. ಒಂದು ದಿನ ಛಂದಸ್ಸು ಬೋಧಿಸುತ್ತಿದ್ದಾಗ, ಗುರು–ಲಘು ಹಾಕುವ ನಡುವೆಯೇ, ಕೈಯಿಂದ ಸೀಮೆಸುಣ್ಣ ಜಾರಿ ಬಿತ್ತು. ಎತ್ತಿಕೊಂಡೆ. ಮತ್ತೆ ಬಿತ್ತು.

ಸೂಚನಾಪತ್ರ ತಂದಿದ್ದ ಸಿಪಾಯಿ ಬಾಗಿಲಲ್ಲೇ ನಿಂತು ನಿರ್ಣಯ ಕೊಟ್ಟ: “ಸರ, ಇದು ಚಳಕರಿ, ನರ ಹಿಡಕೊಂಡೈತಿ. ಹುಟ್ಟೂವಾಗ ತಲಿ ಬದ್ಲಿ ಕಾಲು ಮುಂದಾಗಿ ಬಂದವ್ರ ಕಡಿಂದ ಒಮ್ಮೆ ಒದಿಸ್ಕೊಳ್ರಿ, ಬಿಟ್ಟುಹೊಕ್ಕೈತಿ.” ಬಳಿಕ ತರಗತಿಯತ್ತ ತಿರುಗಿ, “ಹಂಗ ಹುಟ್ಟಿದವ್ರು ಯಾರರ ಅದೀರೇನು?” ಎಂದ.

ಹಿಂದಿನ ದಿನವಷ್ಟೇ ನಾನು ಕಿರುಪರೀಕ್ಷೆಯ ಅಂಕಗಳನ್ನು ಕೊಟ್ಟಿದ್ದೆ. ಮುಂದಿನ ಬೆಂಚೊಂದನ್ನು ಬಿಟ್ಟು ಇಡೀ ತರಗತಿ ಕೈ ಎತ್ತಿತು.

“ಸರ, ನಾವು ಅಣ್ಣತಮ್ಮ ಇಬ್ರೂ ಹಂಗ ಹುಟ್ಟೇವ್ರಿ. ಅವನ್ನೂ ಕರೀಲೇನ್ರಿ?” ಎಂದು ಹಿಂದಿನ ಬೆಂಚಿನವನು ಚಪ್ಪಲಿ ಬಿಟ್ಟು ಎದ್ದುನಿಂತ.

ಮುಂದಿನ ಬೆಂಚಿನ ಪ್ರಾಮಾಣಿಕ ಹುಡುಗಿಯೊಬ್ಬಳು, “ನಮ್ಮವ್ವನ್ನ ಕೇಳಿ ನಾಳೆ ಹೇಳತೇನ್ರಿ ಸರ,” ಎಂದಳು.

ನಾನು ಎಡಗೈಯಿಂದ ಸೀಮೆಸುಣ್ಣವನ್ನೆತ್ತಿ ಮೇಜಿನ ಮೇಲಿಟ್ಟು ಎಲ್ಲರೆದುರು ಪ್ರಕಟಿಸಿದೆ:

“ದುಡಿದ ಕೈ ನೊಂದರೆ ವಿಶ್ರಾಂತಿ ಕೊಡಬೇಕು. ಬೆರಳು ಜೋಮು ಹಿಡಿದು ಹಿಡಿತ ತಪ್ಪಿದರೆ ಡಾಕ್ಟರಿಗೆ ತೋರಿಸಬೇಕು. ಪ್ರಬಂಧ ಕಾಯಲಿ. ನಾನು ಈಗಲೇ ಹಾವೇರಿಗೆ, ಎಲುಬಿನ ಡಾಕ್ಟರ ಬಳಿಗೆ ಹೊರಟಿದ್ದೇನೆ. ಎತ್ತಿದ ಕೈಗಳನ್ನು ಎಲ್ಲರೂ ಇಳಿಸಿರಿ; ಮೊಣಕೈ ನೋಯುತ್ತದೆ.”